ಪುಟ್ಟ ಉಪಗ್ರಹಕ್ಕೆ ಯಾವ ರೇಡಿಯೋ? ಬೀಕನ್, ಎಫ್‌ಎಂ, ಟ್ರಾನ್ಸ್‌ಪಾಂಡರ್, ಲೋರಾ: ಆಯ್ಕೆ ಮಾಡುವ ಮುನ್ನ

ವಿದ್ಯಾರ್ಥಿಗಳ ಉಪಗ್ರಹ ತಂಡದ ಮೊದಲ ಮೀಟಿಂಗ್ ನೋಡಬೇಕು. ಬೋರ್ಡ್ ಮೇಲೆ ಬರೆಯಲು ಜಾಗವೇ ಉಳಿದಿರುವುದಿಲ್ಲ. ಕ್ಯಾಮೆರಾ ಬೇಕು. ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಮಾತಾಡಲು ರಿಪೀಟರ್ (ಕೇಳಿದ ದನಿಯನ್ನು ಮತ್ತೆ ಬಿತ್ತರಿಸುವ ರೇಡಿಯೋ) ಬೇಕು. ಮೆಸೇಜ್ ದಾಟಿಸಲು ಡಿಜಿಪೀಟರ್ ಬೇಕು. ಸಣ್ಣ ಡೇಟಾವನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೋದ ಚಿಪ್ ಹೇಗೂ ಉಗುರಿನಷ್ಟಿದೆ, ಅದೂ ಇರಲಿ. ನಾನು ಕೂತಿದ್ದ ಅಂಥದ್ದೊಂದು ಮೀಟಿಂಗ್‌ನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ, "ಇದಕ್ಕೆಲ್ಲ ಕರೆಂಟ್ ಎಲ್ಲಿಂದ ತರ್ತೀರಿ ಸರ್?" ಅಂದಳು. ಬೋರ್ಡ್ ಅರ್ಧ ಒರೆಸಬೇಕಾಯಿತು.

ಅವಳ ಪ್ರಶ್ನೆಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ. ಬ್ಯಾಟರಿ ಸತ್ತ ದಿನ ನಿಮ್ಮ ರೇಡಿಯೋ ಏನು ಮಾಡುತ್ತದೆ? ಪುಟ್ಟ ಉಪಗ್ರಹಗಳಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಬ್ಯಾಟರಿಯೇ. ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಆಯ್ಕೆಯನ್ನು ನೋಡೋಣ.

ಮೊದಲು ಲೆಕ್ಕ

1999ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಕ್ಯಾಲ್ ಪಾಲಿಯ ಜೋರ್ಡಿ ಪುಯಿಗ್-ಸುವಾರಿ ಮತ್ತು ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್, ಕ್ಯೂಬ್‌ಸ್ಯಾಟ್ ಎಂಬ ಅಳತೆಯನ್ನು ಗೊತ್ತು ಮಾಡಿದರು. ಒಂದು ಯೂನಿಟ್ ಅಂದರೆ ಪ್ರತಿ ಬದಿಯೂ 10 ಸೆಂಟಿಮೀಟರ್ ಇರುವ ಡಬ್ಬಿ. ಅದರ ಒಂದು ಮುಖದ ಮೇಲೆ ಒಳ್ಳೆಯ ಸೋಲಾರ್ ಸೆಲ್ ಎರಡೇ ಕೂರುತ್ತವೆ. ನೇರ ಬಿಸಿಲು ಬಿದ್ದರೆ ಸುಮಾರು 2 ವಾಟ್ ಸಿಗುತ್ತದೆ. 500 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 95 ನಿಮಿಷ. ಅದರಲ್ಲಿ 35 ನಿಮಿಷದಷ್ಟು ಭೂಮಿಯ ನೆರಳು. ಎಲ್ಲ ಸೇರಿಸಿ ಭಾಗಿಸಿದರೆ ಸರಾಸರಿ ಒಂದು ಒಂದೂವರೆ ವಾಟ್ ಕೈಗೆ ಬಂದರೆ ಪುಣ್ಯ. ಕಂಪ್ಯೂಟರ್, ರಿಸೀವರ್, ಬ್ಯಾಟರಿ ಬೆಚ್ಚಗಿಡುವ ಹೀಟರ್, ಎಲ್ಲ ಇದರಲ್ಲೇ ಬದುಕಬೇಕು.

ಈಗ ಆಂಟೆನಾದಿಂದ 1 ವಾಟ್ ಹೊರಗೆ ಹೋಗಬೇಕೆಂದರೆ ಬ್ಯಾಟರಿಯಿಂದ 2ರಿಂದ 3 ವಾಟ್ ಎಳೆಯಬೇಕು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸಂಬಳಕ್ಕಿಂತ ಬಾಡಿಗೆಯೇ ಜಾಸ್ತಿ ಅಂದ ಹಾಗೆ ಆಯಿತು.

ದೂರದ ಲೆಕ್ಕವೂ ಇದೆ. ಉಪಗ್ರಹ ನೆತ್ತಿಯ ಮೇಲಿದ್ದರೆ 500 ಕಿಲೋಮೀಟರ್. ದಿಗಂತದಲ್ಲಿ ಆಗತಾನೇ ಮೂಡುತ್ತಿದ್ದರೆ 2,500 ಕಿಲೋಮೀಟರ್‌ಗೂ ಜಾಸ್ತಿ. ಅಲ್ಲಿಂದ ಬರುವ ಸಿಗ್ನಲ್ ನೆತ್ತಿಯ ಮೇಲಿನದಕ್ಕಿಂತ 26 ಪಟ್ಟು ಸಣ್ಣದು. ಒಂದು ಪಾಸ್, ಅಂದರೆ ಉಪಗ್ರಹ ಒಂದು ಸಲ ದಿಗಂತದಲ್ಲಿ ಮೂಡಿ ಮುಳುಗುವ ಹೊತ್ತು, ಹೆಚ್ಚೆಂದರೆ 10-11 ನಿಮಿಷ. ಅದರಲ್ಲಿ ಅರ್ಧ ಹೊತ್ತು ಉಪಗ್ರಹ ದಿಗಂತದ ಹತ್ತಿರ, ಅಂದರೆ ದೂರದಲ್ಲೇ ಇರುತ್ತದೆ.

ಮೋರ್ಸ್ ಬೀಕನ್

"ಮೋರ್ಸ್ ಕೋಡಾ? ಈ ಕಾಲದಲ್ಲಾ?" ಅಂತ ಪ್ರತಿ ಹೊಸ ಬ್ಯಾಚಿನವರೂ ನಗುತ್ತಾರೆ. ನಗಲಿ ಬಿಡಿ. ಬೀಕನ್ ಅಂದರೆ ಉಪಗ್ರಹ ತಾನಿದ್ದೇನೆ ಅಂತ ಆಗಾಗ ತಾನಾಗಿಯೇ ಕಳಿಸುವ ಸಣ್ಣ ಸಿಗ್ನಲ್.

ಹ್ಯಾಮ್‌ಗಳ ಮೊದಲ ಉಪಗ್ರಹ ಆಸ್ಕರ್-1, 1961ರ ಡಿಸೆಂಬರ್ 12ರಂದು ಹಾರಿತು. ಅದರ ಟ್ರಾನ್ಸ್‌ಮಿಟರ್ ಶಕ್ತಿ 140 ಮಿಲಿವಾಟ್. ಅದು ಹೇಳುತ್ತಿದ್ದುದು ಒಂದೇ ಮಾತು, ಮೋರ್ಸ್‌ನಲ್ಲಿ "ಹಾಯ್". ನಾಲ್ಕು ಚುಕ್ಕೆ, ಆಮೇಲೆ ಎರಡು ಚುಕ್ಕೆ, ಅಷ್ಟೇ. ಆದರೆ ಆ ಹಾಯ್‌ನ ವೇಗವನ್ನು ಒಳಗಿನ ಉಷ್ಣತೆಗೆ ಕಟ್ಟಿಹಾಕಿದ್ದರು. ಕೆಳಗೆ ಕೂತವರು ಗಡಿಯಾರ ಹಿಡಿದು ಹಾಯ್‌ಗಳನ್ನು ಎಣಿಸಿದರೆ ಮೇಲೆ ಎಷ್ಟು ಬಿಸಿಯಿದೆ ಅಂತ ಗೊತ್ತಾಗುತ್ತಿತ್ತು. ಕಂಪ್ಯೂಟರ್ ಇಲ್ಲ, ಪ್ಯಾಕೆಟ್ (ಡಿಜಿಟಲ್ ಡೇಟಾದ ಕಟ್ಟು) ಇಲ್ಲ. ಟೆಲಿಮೆಟ್ರಿಯನ್ನು, ಅಂದರೆ ಉಪಗ್ರಹದ ಸ್ಥಿತಿಗತಿ ಕೆಳಗೆ ತಿಳಿಸುವುದನ್ನು, ಇಷ್ಟು ಸಸ್ತಾ ಮಾಡಿದವರು ಇನ್ನೊಬ್ಬರಿಲ್ಲ ಅಂತ ನನಗನ್ನಿಸುತ್ತದೆ.

ಮೋರ್ಸ್‌ನ ಬಲ ಇರುವುದು ಅದರ ಸಪೂರ ಮೈಯಲ್ಲಿ. ಕೇಳುವವರು 500 ಹರ್ಟ್ಜ್ ಅಗಲದ ಫಿಲ್ಟರ್ ಹಾಕಿಕೊಂಡರೆ ಸಾಕು. ಎಫ್‌ಎಂ ಮಾತಿಗೆ ಸುಮಾರು 15 ಕಿಲೋಹರ್ಟ್ಜ್ ಬೇಕು. ಬಾಗಿಲು 30 ಪಟ್ಟು ಅಗಲವಾದರೆ ಒಳಗೆ ನುಗ್ಗುವ ಗದ್ದಲವೂ 30 ಪಟ್ಟು. ಅಂದರೆ 100 ಮಿಲಿವಾಟ್ ಮೋರ್ಸ್ ಬೀಕನ್ ಹೆಚ್ಚುಕಮ್ಮಿ 3 ವಾಟ್ ಎಫ್‌ಎಂಗೆ ಸಮ.

ಇನ್ನೊಂದು ಗುಣ ಇದೆ, ಇದನ್ನು ಕಿವಿಯಲ್ಲೇ ಕೇಳಿ ತಿಳಿಯಬೇಕು. ಹೊಸದಾಗಿ ಬಿಟ್ಟ ಉಪಗ್ರಹ ಉರುಳುತ್ತಿರುತ್ತದೆ. ಅದರ ಆಂಟೆನಾದ ತುದಿ ನಮ್ಮ ಕಡೆ ತಿರುಗಿದಾಗೆಲ್ಲ ಸಿಗ್ನಲ್ ಮುಳುಗುತ್ತದೆ, ಮತ್ತೆ ಏಳುತ್ತದೆ. ತಾರಸಿಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ನಿಂತರೆ ಬೀಪ್ ಬೀಪ್ ಅನ್ನುವುದು ಉಸಿರಾಡಿದ ಹಾಗೆ ಕೇಳಿಸುತ್ತದೆ. ಮೋರ್ಸ್‌ನಲ್ಲಿ ಒಂದು ಮುಳುಗಿಗೆ ಒಂದೆರಡು ಅಕ್ಷರ ಹೋಗುತ್ತವೆ, ಮುಂದಿನ ಸಲ ಅವೇ ಮತ್ತೆ ಬರುತ್ತವೆ. ಸಾದಾ ಪ್ಯಾಕೆಟ್ ಆದರೆ ಒಂದು ಬಿಟ್ ತಪ್ಪಿದರೂ ಇಡೀ ಪ್ಯಾಕೆಟ್ ಕಸದ ಬುಟ್ಟಿಗೆ. ಮುಳುಗಿಗೂ ಮುಳುಗಿಗೂ ನಡುವೆ ಎಷ್ಟು ಸೆಕೆಂಡ್ ಅಂತ ಎಣಿಸಿದರೆ ಉಪಗ್ರಹ ಎಷ್ಟು ಜೋರಾಗಿ ಸುತ್ತುತ್ತಿದೆ ಅನ್ನುವ ಅಂದಾಜೂ ಸಿಗುತ್ತದೆ. ಸುಮ್ನೆ ಸಿಗುವ ಮಾಹಿತಿ, ಅದಕ್ಕೊಂದು ಸೆನ್ಸರ್ ಬೇಕಿಲ್ಲ. 2009ರಲ್ಲಿ ಹಾರಿದ ಸ್ವಿಸ್‌ಕ್ಯೂಬ್ ಲೆಕ್ಕಕ್ಕಿಂತ ತುಂಬಾ ಜೋರಾಗಿ ಸುತ್ತುತ್ತಿತ್ತು. ವೇಗ ಇಳಿಯಲಿ ಅಂತ ತಂಡ ಒಂದು ವರ್ಷಕ್ಕೂ ಜಾಸ್ತಿ ಕಾಯಬೇಕಾಯಿತು. ಅಂಥ ಕಾಯುವಿಕೆಯಲ್ಲಿ ಬೀಕನ್ ಒಂದೇ ಸಮಾಧಾನ.

2003ರ ಜೂನ್ 30ರಂದು ಒಂದೇ ರಾಕೆಟ್‌ನಲ್ಲಿ ಆರು ಪುಟ್ಟ ಉಪಗ್ರಹಗಳು ಹೋದವು. ಕೆನಡಾದ ಕ್ಯಾನ್‌ಎಕ್ಸ್-1 ಮತ್ತು ಡೆನ್ಮಾರ್ಕ್‌ನ ಡಿಟಿಯುಸ್ಯಾಟ್ ಒಂದು ದಿನವೂ ಮಾತಾಡಲಿಲ್ಲ. ಟೋಕಿಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಎಕ್ಸ್‌ಐ-4 ಮಾತ್ರ 20 ವರ್ಷ ದಾಟಿದ ಮೇಲೂ ಮೋರ್ಸ್‌ನಲ್ಲಿ ತನ್ನ ಕ್ಷೇಮ ಸಮಾಚಾರ ಹೇಳುತ್ತಿತ್ತು. ಬೀಕನ್ ಇದ್ದದ್ದರಿಂದಲೇ ಅದು ಬದುಕಿತು ಅಂತ ನಾನು ಹೇಳುತ್ತಿಲ್ಲ. ಬದುಕಿದೆ ಅಂತ ಜಗತ್ತಿಗೆ ಗೊತ್ತಾದದ್ದು ಬೀಕನ್‌ನಿಂದ.

ಕೊರತೆ ಏನು? ವೇಗ. ನಿಮಿಷಕ್ಕೆ 15 ಪದಗಳ ವೇಗದಲ್ಲಿ ಎಂಟು ನಿಮಿಷಕ್ಕೆ 600 ಅಕ್ಷರ ಬರಬಹುದು. ಫೋಟೋ ಕಳಿಸುವ ಆಸೆಯಿದ್ದರೆ ಇದರಿಂದ ಆಗದು. ಮೋರ್ಸ್ ಬರುವವರು ಕಡಿಮೆಯಾಗಿದ್ದಾರೆ ಅನ್ನುವುದು ಮಾತ್ರ ನೆಪ. ಲ್ಯಾಪ್‌ಟಾಪ್ ಓದುತ್ತದೆ.

ಪ್ಯಾಕೆಟ್: 1200ಕ್ಕೆ ಹೋಗುವುದೋ, 9600ಕ್ಕೋ

ಮಾಪನದ ಡೇಟಾ ಅಥವಾ ಚಿತ್ರ ಇಳಿಸಬೇಕೆಂದರೆ ಡಿಜಿಟಲ್ ಬೇಕೇ ಬೇಕು. ಎಂಟು ನಿಮಿಷ ಒಳ್ಳೆಯ ಸಿಗ್ನಲ್ ಸಿಕ್ಕಿತು ಅಂದುಕೊಳ್ಳಿ. ಸೆಕೆಂಡಿಗೆ 1200 ಬಿಟ್ ವೇಗದಲ್ಲಿ 72 ಕಿಲೋಬೈಟ್ ಇಳಿಯುತ್ತದೆ. 9600ರಲ್ಲಿ 576 ಕಿಲೋಬೈಟ್. ಇದು ಕಾಗದದ ಮೇಲಿನ ಲೆಕ್ಕ. ಹೆಡರ್, ತಪ್ಪಿದ ಪ್ಯಾಕೆಟ್, ಮತ್ತೆ ಕೇಳುವುದು ಎಲ್ಲ ಕಳೆದರೆ ಅರ್ಧ ಸಿಕ್ಕರೂ ಖುಷಿ ಪಡಿ.

ಎಂಟು ಪಟ್ಟು ವೇಗ ಪುಕ್ಕಟೆ ಬರುವುದಿಲ್ಲ. ಪ್ರತಿ ಬಿಟ್‌ಗೂ ಅದೇ ಶಕ್ತಿ ಸಿಗಬೇಕಾದರೆ ಎಂಟು ಪಟ್ಟು ಪವರ್ ಬೇಕು. ಕ್ಯಾಮೆರಾ ಇಲ್ಲದ ಉಪಗ್ರಹಕ್ಕೆ 9600 ಸುಮ್ನೆ ಶೋಕಿ. 1200 ಇಟ್ಟು, ಅದರ ಮೇಲೆ ತಪ್ಪು ತಿದ್ದುವ ಕೋಡ್ ಹಾಕುವುದು ಜಾಣತನ. ಫನ್‌ಕ್ಯೂಬ್-1 ಹೀಗೇ ಮಾಡಿತು. 2013ರ ನವೆಂಬರ್‌ನಲ್ಲಿ ಹಾರಿದ, ಶಾಲೆ ಮಕ್ಕಳಿಗೆಂದೇ ಮಾಡಿದ ಒಂದು ಯೂನಿಟ್‌ನ ಉಪಗ್ರಹ ಅದು. ಐದು ಸೆಕೆಂಡಿಗೊಂದು ಫ್ರೇಮ್, ಒಂದು ಫ್ರೇಮಿನಲ್ಲಿ 256 ಬೈಟ್. ಮಧ್ಯೆ ಸಿಗ್ನಲ್ ಒಂದಿಷ್ಟು ಮುಳುಗಿದರೂ ಫ್ರೇಮ್ ಪೂರ್ತಿ ಎದ್ದು ಬರುತ್ತಿತ್ತು. ಟ್ರಾನ್ಸ್‌ಮಿಟರ್ ಪವರ್ ಸುಮಾರು 300 ಮಿಲಿವಾಟ್ ಅಷ್ಟೇ, ಅದೂ ಬಿಸಿಲಿದ್ದಾಗ.

ಇಲ್ಲೊಂದು ಮಾತು. ಹ್ಯಾಮ್ ಬ್ಯಾಂಡ್ ಬಳಸುತ್ತೀರಾದರೆ ಡೇಟಾವನ್ನು ಗುಟ್ಟಾಗಿಡುವ ಹಾಗಿಲ್ಲ. ಉಪಗ್ರಹಕ್ಕೆ ಕೊಡುವ ಆಜ್ಞೆಗಳಿಗೆ ಮಾತ್ರ ಆ ವಿನಾಯಿತಿ. ಫಾರ್ಮ್ಯಾಟ್ ಅನ್ನು ಹಾರುವ ಮೊದಲೇ ಎಲ್ಲರಿಗೂ ಕೊಟ್ಟುಬಿಡಿ. ನಿಮ್ಮ ಗ್ರೌಂಡ್ ಸ್ಟೇಷನ್‌ಗೆ ದಿನಕ್ಕೆ ನಾಲ್ಕೈದು ಪಾಸ್ ಸಿಗುತ್ತವೆ. ಸ್ಯಾಟ್‌ನಾಗ್ಸ್ ತರಹದ ಸ್ವಯಂಸೇವಕ ಸ್ಟೇಷನ್‌ಗಳ ಬಲೆ ಜಗತ್ತಿನ ತುಂಬ ಇದೆ, ಅವರಿಗೆ ದಿನವಿಡೀ ಸಿಗುತ್ತವೆ. ಅವರಿಗೆ ಓದಲು ಬಾರದ ಫಾರ್ಮ್ಯಾಟ್ ಇಟ್ಟರೆ ನಷ್ಟ ನಿಮಗೇ ಅಲ್ವಾ?

ಎಫ್‌ಎಂ ರಿಪೀಟರ್

ಜನಪ್ರಿಯತೆಗೆ ಮತ ಹಾಕಿದರೆ ಇದೇ ಗೆಲ್ಲುತ್ತದೆ. ಕೈಯಲ್ಲಿ ಹಿಡಿಯುವ 5 ವಾಟ್ ಸೆಟ್, ಮೂರು ಕಡ್ಡಿಯ ಯಾಗಿ ಆಂಟೆನಾ, ಲೈಸೆನ್ಸ್, ಇಷ್ಟಿದ್ದರೆ ಉಪಗ್ರಹದ ಮೂಲಕ ಮಾತಾಡಬಹುದು. ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಹೇಳಿದ ಕೂಡಲೇ ಸಾವಿರ ಕಿಲೋಮೀಟರ್ ದೂರದಿಂದ ಯಾರೋ ಅದನ್ನು ಮರಳಿ ಹೇಳುತ್ತಾರೆ. ಆ ಕ್ಷಣಕ್ಕೆ ಹೈಸ್ಕೂಲ್ ಮಕ್ಕಳ ಕಣ್ಣು ಹೇಗೆ ಅರಳುತ್ತದೆ ಅಂತ ನೋಡಿದ್ದೇನೆ. ಟೆಲಿಮೆಟ್ರಿಯ ಗ್ರಾಫ್ ತೋರಿಸಿದರೆ ಆಕಳಿಸುತ್ತಾರೆ.

ಆದರೆ ಎಫ್‌ಎಂಗೆ ಒಂದು ಸ್ವಭಾವ ಇದೆ. ಜೋರಾಗಿರುವ ಒಬ್ಬನ ದನಿ ಮಾತ್ರ ದಾಟುತ್ತದೆ, ಉಳಿದವರು ಕೊಚ್ಚಿ ಹೋಗುತ್ತಾರೆ. ಹತ್ತು ನಿಮಿಷದ ಪಾಸ್‌ನಲ್ಲಿ ಐವತ್ತು ಜನ ಬಾಗಿಲು ಬಡಿದರೆ ಗತಿ ಏನು? ಭಾನುವಾರದ ಪಾಸ್ ಒಂದನ್ನು ಕೇಳಿ ನೋಡಿ, ಸಂತೆ.

ಪವರ್ ಖರ್ಚಂತೂ ಇದ್ದೇ ಇದೆ. ಯಾರೋ ಮಾತಾಡುವಷ್ಟು ಹೊತ್ತೂ ಟ್ರಾನ್ಸ್‌ಮಿಟರ್ ಪೂರ್ತಿ ಉರಿಯುತ್ತದೆ. 2002ರಲ್ಲಿ ಹಾರಿದ ಎಸ್‌ಒ-50 ಇದಕ್ಕೊಂದು ಉಪಾಯ ಮಾಡಿಕೊಂಡಿತ್ತು. 74.4 ಹರ್ಟ್ಜ್ ಟೋನ್ ಕಳಿಸಿದರೆ ಹತ್ತು ನಿಮಿಷದ ಟೈಮರ್ ಶುರು, ಆಮೇಲೆ ತಾನಾಗಿಯೇ ಆಫ್. ಮಾತಾಡಲು ಬೇರೆ ಟೋನ್, 67 ಹರ್ಟ್ಜ್. ಸಮುದ್ರದ ಮೇಲೆ ಹೋಗುವಾಗ ಯಾರೂ ಎಬ್ಬಿಸುವುದಿಲ್ಲ, ಬ್ಯಾಟರಿ ಉಳಿಯುತ್ತದೆ. 2017ರ ಎಒ-91 ಇನ್ನೊಂದು ಜಾಣತನ ಮಾಡಿತು. ಮಾತಿನ ಕೆಳಗೆ, ಕಿವಿಗೆ ಕೇಳಿಸದ ಕೆಳಸ್ವರದಲ್ಲಿ, ಸೆಕೆಂಡಿಗೆ 200 ಬಿಟ್ ವೇಗದಲ್ಲಿ ಟೆಲಿಮೆಟ್ರಿ ಹರಿಸಿತು. ಮೇಲೆ ಹ್ಯಾಮ್‌ಗಳ ಹರಟೆ, ಕೆಳಗೆ ವಿಶ್ವವಿದ್ಯಾಲಯದ ಪ್ರಯೋಗದ ಡೇಟಾ, ಎರಡೂ ಒಂದೇ ಟ್ರಾನ್ಸ್‌ಮಿಟರ್‌ನಲ್ಲಿ. ಕೊನೆಗೆ ಅದರ ಬ್ಯಾಟರಿಯೂ ಸೋತಿತು. ಉಪಗ್ರಹ ಬಿಸಿಲಲ್ಲಿದ್ದಾಗ ಮಾತ್ರ ಬಳಸಿ ಅಂತ ಹ್ಯಾಮ್‌ಗಳಿಗೆ ಕೇಳಿಕೊಳ್ಳಬೇಕಾಯಿತು.

ಲೀನಿಯರ್ ಟ್ರಾನ್ಸ್‌ಪಾಂಡರ್

ನನ್ನ ಮನಸ್ಸು ಇದರ ಕಡೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಬ್ಯಾಂಡಿನ 20 ಅಥವಾ 60 ಕಿಲೋಹರ್ಟ್ಜ್ ಪಟ್ಟಿಯನ್ನು ಹಾಗೇ ಎತ್ತಿ ಇನ್ನೊಂದು ಬ್ಯಾಂಡಿನಲ್ಲಿ ಇಳಿಸುತ್ತದೆ. ಒಳಗೆ ಏನಿದೆ ಅಂತ ಕೇಳುವುದಿಲ್ಲ. ಮೋರ್ಸ್ ಇರಲಿ, ಎಸ್‌ಎಸ್‌ಬಿ (ಎಫ್‌ಎಂಗಿಂತ ಸಪೂರ ಪಟ್ಟಿಯಲ್ಲಿ ದನಿ ಕಳಿಸುವ ಬಗೆ) ಮಾತಿರಲಿ, ಹತ್ತಾರು ಜನ ಅಕ್ಕಪಕ್ಕ ಕೂತು ಬೇರೆಬೇರೆ ಮಾತುಕತೆ ನಡೆಸಬಹುದು. ಇರುವ ಪವರ್ ಎಲ್ಲರಿಗೂ ಹಂಚಿಕೆಯಾಗುತ್ತದೆ. ಒಬ್ಬ ಕಿರುಚಿದರೆ ಉಳಿದವರ ಪಾಲು ಕಡಿಮೆಯಾಗುತ್ತದೆ. ಹಾಗಾಗಿ ಇಲ್ಲಿ ಶಿಸ್ತು ತಾನಾಗಿ ಬರುತ್ತದೆ, ಬರದವರನ್ನು ಉಳಿದವರು ಸುಮ್ಮನೆ ಬಿಡುವುದಿಲ್ಲ.

ವಿದ್ಯಾರ್ಥಿಗಳಿಂದ ಇದು ಆಗದ ಕೆಲಸ ಅನ್ನುವವರಿಗೆ ಹ್ಯಾಮ್‌ಸ್ಯಾಟ್ ನೆನಪಿಸಬೇಕು. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹೋದ ಆ ಭಾರತೀಯ ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಪಾಂಡರ್ ಇದ್ದವು. ಒಂದನ್ನು ಭಾರತದ ಹ್ಯಾಮ್‌ಗಳು ಮಾಡಿದ್ದರು. ಇನ್ನೊಂದನ್ನು ಮಾಡಿದ್ದು ನೆದರ್ಲೆಂಡ್ಸ್‌ನ ಒಬ್ಬ ವಿದ್ಯಾರ್ಥಿ ಹ್ಯಾಮ್. ಒಂಬತ್ತು ವರ್ಷ ದುಡಿದು 2014ರ ಜುಲೈನಲ್ಲಿ ಅದು ನಿಂತಿತು. ಕಾರಣ ಊಹಿಸಿ. ಹೌದು, ಬ್ಯಾಟರಿ.

ಬ್ಯಾಟರಿ ಸತ್ತೂ ಬದುಕಿದ ಕತೆಯೂ ಇದೆ. 1974ರಲ್ಲಿ ಹಾರಿದ ಎಒ-7ರ ಬ್ಯಾಟರಿ 1981ರಲ್ಲಿ ಶಾರ್ಟ್ ಆಗಿ ಉಪಗ್ರಹ ಮೂಕವಾಯಿತು. 2002ರಲ್ಲಿ ಇದ್ದಕ್ಕಿದ್ದ ಹಾಗೆ ಅದರ ಸದ್ದು ಮತ್ತೆ ಕೇಳಿಸಿತು. ಶಾರ್ಟ್ ಆಗಿದ್ದ ಬ್ಯಾಟರಿ ಕಡಿದುಹೋಗಿ, ಸೋಲಾರ್ ಸೆಲ್‌ಗಳ ಕರೆಂಟ್ ನೇರವಾಗಿ ರೇಡಿಯೋ ತಲುಪಿತ್ತು. ಅಂದಿನಿಂದ ಬಿಸಿಲಿಗೆ ಬಂದಾಗ ಏಳುತ್ತದೆ, ನೆರಳಿಗೆ ಹೋದಾಗ ಮಲಗುತ್ತದೆ. ಡೆಲ್ಫ್ಟ್‌ನ ವಿದ್ಯಾರ್ಥಿಗಳು ಇದೇ ಗುಣವನ್ನು ಬೇಕಂತಲೇ ಇಟ್ಟು ಡೆಲ್ಫಿ-ಸಿ3 ಮಾಡಿದರು. ಅದರಲ್ಲಿ ಬ್ಯಾಟರಿಯೇ ಇರಲಿಲ್ಲ! 2008ರ ಏಪ್ರಿಲ್‌ನಲ್ಲಿ ಹೋದದ್ದು 2023ರ ನವೆಂಬರ್‌ನಲ್ಲಿ ವಾತಾವರಣಕ್ಕೆ ಬಿದ್ದು ಉರಿಯಿತು. ನಡುವೆ ಹದಿನೈದು ವರ್ಷ.

ಹಾಗಾದರೆ ಎಲ್ಲರೂ ಟ್ರಾನ್ಸ್‌ಪಾಂಡರ್ ಹಾಕಬಹುದಲ್ಲ? ಬೇಡ. ತಂಡದಲ್ಲಿ ಅನಲಾಗ್ ಆರ್‌ಎಫ್ (ರೇಡಿಯೋ ಸರ್ಕ್ಯೂಟ್) ಗೊತ್ತಿರುವ, ಫಿಲ್ಟರ್ ಟ್ಯೂನ್ ಮಾಡುತ್ತಾ ರಾತ್ರಿ ಕಳೆಯುವ ಒಬ್ಬರಾದರೂ ಬೇಕು. ಅವರು ಡಿಗ್ರಿ ಮುಗಿಸಿ ಹೊರಟ ಮೇಲೆ ಆ ಬೋರ್ಡ್ ಯಾರಿಗೂ ಅರ್ಥವಾಗುವುದಿಲ್ಲ, ಅದೂ ಲೆಕ್ಕದಲ್ಲಿರಲಿ. ಕೆಳಗಿನವರಿಗೂ ಎಸ್‌ಎಸ್‌ಬಿ ಬರುವ ಸೆಟ್ ಬೇಕು, ಡಾಪ್ಲರ್ (ಉಪಗ್ರಹದ ಓಟದಿಂದ ಫ್ರೀಕ್ವೆನ್ಸಿ ಜಾರುವುದು) ತಿದ್ದುತ್ತಾ ಮಾತಾಡುವ ಅಭ್ಯಾಸ ಬೇಕು. ಮಕ್ಕಳ ಕೈಗೆ ಕೊಟ್ಟು ಐದು ನಿಮಿಷದಲ್ಲಿ ಕಲಿಸುವುದು ಕಷ್ಟ.

ಉಳಿದವು, ಚುಟುಕಾಗಿ

ಎಪಿಆರ್‌ಎಸ್ (ಹ್ಯಾಮ್‌ಗಳ ಪುಟ್ಟ ಡಿಜಿಟಲ್ ಮೆಸೇಜ್ ಪದ್ಧತಿ) ಡಿಜಿಪೀಟರ್ ಪಾಪ, ಯಾರೂ ಹೊಗಳದ ಒಳ್ಳೆಯ ಆಯ್ಕೆ. ಪುಟ್ಟ ಮೆಸೇಜ್ ಕೇಳಿಸಿಕೊಂಡು ಅದನ್ನೇ ಮತ್ತೆ ಉಸುರುತ್ತದೆ. ಟ್ರಾನ್ಸ್‌ಮಿಟರ್ ಒಂದು ಸೆಕೆಂಡ್ ಉರಿದು ಆರುತ್ತದೆ, ಆದ್ದರಿಂದ ಪವರ್ ಖರ್ಚು ಕಡಿಮೆ. ಅಮೆರಿಕದ ನೌಕಾ ಅಕಾಡೆಮಿಯ ವಿದ್ಯಾರ್ಥಿಗಳು 2001ರಲ್ಲಿ ಹಾರಿಸಿದ ಪಿಸಿಸ್ಯಾಟ್ ಈ ದಾರಿಯಲ್ಲಿ ಮೊದಲಿನವುಗಳಲ್ಲಿ ಒಂದು.

ಲೋರಾ ಚಿಪ್ ಸಣ್ಣದು, ಗದ್ದಲದ ಕೆಳಗೆ ಹೂತುಹೋದ ಸಿಗ್ನಲ್ಲನ್ನೂ ಎತ್ತುತ್ತದೆ, ಕೇಳಲು ಅಂಗೈಯಗಲದ ಬೋರ್ಡ್ ಸಾಕು. ಟೈನಿಜಿಎಸ್ ಎಂಬ ಬಲೆಯಲ್ಲಿ ಸಾವಿರಾರು ಪುಟ್ಟ ಸ್ಟೇಷನ್‌ಗಳಿವೆ. ನನ್ನ ತಕರಾರು ಎರಡೇ. ಅದು ಒಂದು ಕಂಪನಿಯ ಸ್ವಂತ ಮಾಡ್ಯುಲೇಷನ್ (ರೇಡಿಯೋ ಅಲೆಯ ಮೇಲೆ ಡೇಟಾ ಹೊರಿಸುವ ಬಗೆ). ಮತ್ತೆ, ಸಾಮಾನ್ಯವಾಗಿ ಬಳಸುವ 125 ಕಿಲೋಹರ್ಟ್ಜ್ ಅಗಲ ಕಿಕ್ಕಿರಿದ ಬ್ಯಾಂಡಿನಲ್ಲಿ ಎರಡು ಸೀಟು ಹಿಡಿದು ಕೂತ ಹಾಗೆ. ಎರಡನೇ ರೇಡಿಯೋ ಆಗಿ ಇರಲಿ, ಒಂದೇ ರೇಡಿಯೋ ಆಗಿ ಬೇಡ.

ಎಸ್‌ಎಸ್‌ಟಿವಿ ಅಂದರೆ ಸದ್ದಿನಲ್ಲಿ ಚಿತ್ರ ಕಳಿಸುವುದು. ಒಂದು ಬಗೆಯಲ್ಲಿ ಒಂದು ಚಿತ್ರಕ್ಕೆ 36 ಸೆಕೆಂಡ್. ಫೋನನ್ನು ರೇಡಿಯೋ ಸ್ಪೀಕರ್ ಹತ್ತಿರ ಹಿಡಿದರೆ ಚಿತ್ರ ಗೆರೆಗೆರೆಯಾಗಿ ಮೂಡುತ್ತದೆ. ರಷ್ಯಾದ ಪೊಡೊಲ್‌ಸ್ಕ್‌ನ ಶಾಲೆಯೊಂದರ ಉಮ್ಕಾ-1, 2023ರಲ್ಲಿ ಹೋದದ್ದು, ಹೀಗೆ ಚಿತ್ರ ಕಳಿಸಿ ತುಂಬಾ ಜನರ ಮನ ಗೆದ್ದಿತು.

145 ಅಥವಾ 435?

ಹ್ಯಾಮ್ ಉಪಗ್ರಹಗಳಿಗೆ ಹೆಚ್ಚಾಗಿ ಬಳಕೆಯಾಗುವುದು 145.8ರಿಂದ 146 ಮೆಗಾಹರ್ಟ್ಜ್ ಮತ್ತು 435ರಿಂದ 438 ಮೆಗಾಹರ್ಟ್ಜ್. ಎರಡೂ ಕಡೆ ಒಂದೇ ಗೇನ್‌ನ (ಸಿಗ್ನಲ್ಲನ್ನು ಒಂದು ದಿಕ್ಕಿಗೆ ಕೂಡಿಸುವ ಬಲ) ಆಂಟೆನಾ ಇದ್ದರೆ 145ರಲ್ಲಿ ಒಂಬತ್ತು ಪಟ್ಟು ಹೆಚ್ಚು ಸಿಗ್ನಲ್ ಕೆಳಗೆ ಬರುತ್ತದೆ. ಡಾಪ್ಲರ್ ಕೂಡ ಕಡಿಮೆ. 437ರಲ್ಲಿ ಪಾಸ್ ಶುರುವಿನಲ್ಲಿ 10 ಕಿಲೋಹರ್ಟ್ಜ್ ಮೇಲೆ, ಕೊನೆಯಲ್ಲಿ 10 ಕೆಳಗೆ ಜಾರುತ್ತದೆ. 145ರಲ್ಲಿ ಮೂರೂವರೆ ಕಿಲೋಹರ್ಟ್ಜ್ ಒಳಗೇ. ಎಫ್‌ಎಂ ಸೆಟ್ಟಿನವರು ನಾಬ್ ಮುಟ್ಟುವುದೇ ಬೇಡ. ಎಫ್‌ಎಂ ರಿಪೀಟರ್‌ಗೆ 145ರಲ್ಲಿ ಇಳಿಸುವುದೇ ಕೇಳುಗರಿಗೆ ಉಪಕಾರ. ಆದರೆ ಊರೊಳಗೆ 145ರಲ್ಲಿ ಗದ್ದಲ ಜಾಸ್ತಿ. ಆಂಟೆನಾ ಕಡ್ಡಿಯೂ ಉದ್ದ, ಸುಮಾರು 50 ಸೆಂಟಿಮೀಟರ್. 437ಕ್ಕೆ 17 ಸಾಕು.

ಹತ್ತು ಸೆಂಟಿಮೀಟರ್ ಡಬ್ಬಿಗೆ 50 ಸೆಂಟಿಮೀಟರ್ ಕಡ್ಡಿ ಸುತ್ತಿ ಕಟ್ಟಬೇಕು. ಸಾಮಾನ್ಯವಾಗಿ ಅಳತೆ ಟೇಪಿನ ಉಕ್ಕಿನ ಪಟ್ಟಿ, ಅದಕ್ಕೊಂದು ನೈಲಾನ್ ದಾರ, ದಾರ ಸುಡಲು ಒಂದು ಸಣ್ಣ ರೆಸಿಸ್ಟರ್. ರಾಕೆಟ್ ಬಿಟ್ಟ ಮೇಲೆ ಅರ್ಧ ಗಂಟೆ ಕಾದು ಸುಡಬೇಕು. ನಮ್ಮ ಮಾದರಿಯನ್ನು ಟೇಬಲ್ ಮೇಲೆ ಇಪ್ಪತ್ತು ಸಲ ಬಿಡಿಸಿದ್ದೆವು, ಒಂದು ಸಲವೂ ತಪ್ಪಲಿಲ್ಲ. ಮೈನಸ್ 20 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ಬಿಡಿಸಿದಾಗ ದಾರ ಕರಗಿತು, ಪಟ್ಟಿ ಮಾತ್ರ ಅಲ್ಲಾಡಲಿಲ್ಲ. ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ, ಕರಗಿದ ನೈಲಾನ್ ತಣ್ಣನೆಯ ಉಕ್ಕಿಗೆ ತಾಗಿ ಗಟ್ಟಿಯಾಗಿ, ಅಂಟಿನ ಹಾಗೆ ಹಿಡಿದುಕೊಂಡಿತ್ತು. ಸಾಸಿವೆ ಕಾಳಿನಷ್ಟು ಒಂದು ಗುಂಡು. ಆಮೇಲೆ ಎರಡು ರೆಸಿಸ್ಟರ್ ಹಾಕಿ, ಪಟ್ಟಿ ಬಿಚ್ಚುವವರೆಗೆ ಪ್ರತಿ ಸುತ್ತಿನಲ್ಲೂ ಬಿಸಿಲಿರುವಾಗ ಮತ್ತೆ ಸುಡುವಂತೆ ಪ್ರೋಗ್ರಾಂ ಬರೆದೆವು. 437 ಆರಿಸಿಕೊಳ್ಳಲು ನಮಗೆ ಇದ್ದ ದೊಡ್ಡ ಕಾರಣ ಆ ಗುಂಡು.

ಯಾರಿಗೆ ಯಾವುದು

ಮೊದಲ ಉಪಗ್ರಹ, ಒಂದು ಯೂನಿಟ್, ತಂಡದಲ್ಲಿ ಹ್ಯಾಮ್‌ಗಳು ಒಬ್ಬಿಬ್ಬರೇ ಅಂದರೆ ಮೋರ್ಸ್ ಬೀಕನ್ ಮತ್ತು 1200 ಟೆಲಿಮೆಟ್ರಿ. ಅಷ್ಟೇ. ಜಾಗ ಉಳಿದರೆ ಡಿಜಿಪೀಟರ್, ಅದಕ್ಕೆ ಹೆಚ್ಚಿನ ಹಾರ್ಡ್‌ವೇರ್ ಏನೂ ಬೇಡ. ಶಾಲೆಗಳನ್ನು ಸೇರಿಸಿಕೊಳ್ಳುವುದೇ ಗುರಿಯಾದರೆ ಎಫ್‌ಎಂ, ಆದರೆ ಎರಡು ಯೂನಿಟ್ ಆದರೂ ಇರಲಿ, ಟೈಮರ್ ಕಡ್ಡಾಯ. ಒಳ್ಳೆಯ ಆರ್‌ಎಫ್ ಕೈ ಇದ್ದರೆ ಟ್ರಾನ್ಸ್‌ಪಾಂಡರ್. ಕ್ಯಾಮೆರಾ ಇದ್ದರೆ ಮಾತ್ರ 9600. ಯಾವುದನ್ನೇ ಆರಿಸಿ, ನೆಲದಿಂದ ಟ್ರಾನ್ಸ್‌ಮಿಟರ್ ಆಫ್ ಮಾಡುವ ಆಜ್ಞೆ ಇರಲೇಬೇಕು, ಅದು ನಿಯಮ. ಫ್ರೀಕ್ವೆನ್ಸಿ ಹೊಂದಾಣಿಕೆಗೆ ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಆರ್‌ಯುಗೆ ಅರ್ಜಿಯನ್ನು ವಿನ್ಯಾಸದ ಹಂತದಲ್ಲೇ ಹಾಕಿ. ಬೋರ್ಡ್ ಮಾಡಿಸಿದ ಮೇಲೆ ಹಾಕಿ ಪೇಚಾಡಿದವರನ್ನು ಕಂಡಿದ್ದೇನೆ.

ಬೀಕನ್ ಮಾತ್ರ ಎಲ್ಲರಿಗೂ. ಬ್ಯಾಟರಿ ಇಲ್ಲದೆಯೂ ಸೋಲಾರ್ ಸೆಲ್‌ನಿಂದ ನೇರ ಏಳುವ ಹಾಗೆ ಅದನ್ನು ಕಟ್ಟಿ. ಒಳಗೆ ಏನಿರಬೇಕು? ಕಾಲ್‌ಸೈನ್, ಬ್ಯಾಟರಿ ವೋಲ್ಟೇಜ್, ಒಂದು ಉಷ್ಣತೆ, ಮತ್ತೆ ಕಂಪ್ಯೂಟರ್ ಎಷ್ಟು ಸಲ ರೀಸ್ಟಾರ್ಟ್ ಆಗಿದೆ ಅನ್ನುವ ಎಣಿಕೆ. ಈ ಕೊನೆಯದನ್ನು ಕರೆಂಟ್ ಹೋದರೂ ಅಳಿಸದ ಮೆಮೊರಿಯಲ್ಲಿಡಿ. ತಿಂಗಳುಗಟ್ಟಲೆ 3ರಲ್ಲೇ ನಿಂತಿದ್ದ ಆ ಸಂಖ್ಯೆ ಇವತ್ತು 18, ನಾಳೆ 33 ಅಂತ ಬಂದರೆ, ಉಪಗ್ರಹ ದಿನಕ್ಕೆ ಹದಿನೈದು ಸಲ ನೆರಳಿನಲ್ಲಿ ಸತ್ತು ಬಿಸಿಲಿನಲ್ಲಿ ಹುಟ್ಟುತ್ತಿದೆ ಎಂದರ್ಥ. ಬ್ಯಾಟರಿ ಹೋಗಿದೆ. ರಾತ್ರಿ ಪಾಸ್‌ಗೆ ಎದ್ದು ಕೂರುವುದನ್ನು ನಿಲ್ಲಿಸಿ, ಹಗಲಿನ ಪಾಸ್‌ಗೆ ಹೋಗಿ.